ಸೋಫಾ ಕಂಪನಿಯ ರಾಜಿ ಒಪ್ಪಂದ: ಯಾವ ಪುಟ ಓದಬೇಕು?

ಕ್ಯಾಲಿಫೋರ್ನಿಯಾದಲ್ಲಿ ಸೋಫಾ ಕಂಪನಿಯೊಂದು, ಬೆಂಕಿ ಹತ್ತದಂತೆ ಫೋಮ್‌ಗೆ ಸೇರಿಸುವ ವಿಷಕಾರಿ ರಾಸಾಯನಿಕದ ವಿಷಯದಲ್ಲಿ ರಾಜಿ ಮಾಡಿಕೊಂಡಿತೆಂದರೆ, ಜನ ದಂಡದ ಮೊತ್ತ ನೋಡಿ ಪತ್ರ ಮುಚ್ಚಿಡುತ್ತಾರೆ. ಮನೆಗೆ ಬೇಕಾದ ಮಾತು ಇರುವುದು ಬೇರೆ ಪುಟದಲ್ಲಿ.

ಮೊದಲು ಕುಶನ್ ಎತ್ತಿ ಲೇಬಲ್ ಹುಡುಕಿ. 2015ರಿಂದೀಚೆಗೆ ತಯಾರಾದದ್ದಾದರೆ, ಬೆಂಕಿನಿರೋಧಕ ರಾಸಾಯನಿಕ ‘ಸೇರಿಸಿದೆ’, ‘ಸೇರಿಸಿಲ್ಲ’ ಎಂಬ ಎರಡರಲ್ಲಿ ಒಂದಕ್ಕೆ ಗುರುತು ಹಾಕಿರಬೇಕು. ಲೇಬಲ್‌ನಲ್ಲಿ ಕ್ಯಾಲಿಫೋರ್ನಿಯಾದ ಬೆಂಕಿ ಸುರಕ್ಷತಾ ನಿಯಮದ ಹೆಸರು ಬರೀ ‘ಟಿಬಿ 117’ ಎಂದಿದ್ದು ಅದರ ಮುಂದೆ 2013 ಇಲ್ಲದಿದ್ದರೆ ಅದು 1975ರ ಹಳೇ ನಿಯಮದ ಸೋಫಾ. ಫೋಮ್‌ನಲ್ಲಿ ರಾಸಾಯನಿಕ ಇದೆಯೆಂದೇ ತಿಳಿಯಿರಿ. ಜಾಹೀರಾತಿನ ‘ಇಕೋ’, ‘ಗ್ರೀನ್’ ಪದಗಳಿಗೆ ಬೆಲೆ ಕೊಡಬೇಡಿ.

ಆಮೇಲೆ ರಾಜ್ಯದ ಅಟಾರ್ನಿ ಜನರಲ್ ಜಾಲತಾಣದ ಪ್ರಾಪೊಸಿಷನ್ 65 (ವಿಷಕಾರಿ ರಾಸಾಯನಿಕದ ಎಚ್ಚರಿಕೆ ಕಾನೂನು) ವಿಭಾಗದಲ್ಲಿ ಕಂಪನಿಯ ಹೆಸರು ಹಾಕಿ. ಮಾರಿದವರ ಹೆಸರು, ತಯಾರಿಸಿದವರ ಹೆಸರು ಎರಡನ್ನೂ ಹುಡುಕಿ.

ಎಡವುವುದು ಅಲ್ಲಿ ಸಿಕ್ಕ ರಾಜಿ ಪತ್ರ ಓದುವಾಗ. 1986ರಲ್ಲಿ ಮತದಾರರೇ ಒಪ್ಪಿದ ಈ ಕಾನೂನಿನಡಿ, ಅಪಾಯದ ಪಟ್ಟಿಯಲ್ಲಿರುವ ರಾಸಾಯನಿಕದ ಬಗ್ಗೆ ಎಚ್ಚರಿಕೆ ಕೊಡದೆ ಮಾರುವುದೇ ತಪ್ಪು. ಮಕ್ಕಳ ರಾತ್ರಿ ಉಡುಪಿನಿಂದ 1970ರ ದಶಕದಲ್ಲೇ ಹೊರಬಿದ್ದ ಬೆಂಕಿನಿರೋಧಕ ಕ್ಲೋರಿನೇಟೆಡ್ ಟ್ರಿಸ್ 2011ರಲ್ಲಿ ಈ ಪಟ್ಟಿ ಸೇರಿತು. ಸಿವಿಲ್ ದಂಡದಲ್ಲಿ ಶೇ 75 ರಾಜ್ಯಕ್ಕೆ, ಶೇ 25 ಕಂಪನಿಗೆ ನೋಟಿಸ್ ಕೊಟ್ಟು ದಾವೆ ಹೂಡಿದವರಿಗೆ. ಕೊಂಡವರ ಕೈಗೆ ಅದರಲ್ಲಿ ಏನೂ ಬರದು. ಪರಿಹಾರ ಕೊಡಿಸುತ್ತೇವೆಂದು ಮುಂಗಡ ಶುಲ್ಕ ಕೇಳುವವರನ್ನು ಬಾಗಿಲಲ್ಲೇ ಕಳಿಸಿ. ‘ತಪ್ಪು ಒಪ್ಪಿಕೊಂಡಿಲ್ಲ’ ಎಂಬ ಸಾಲು ಕಂಡು ಸೋಫಾ ನಿರ್ದೋಷಿಯೆಂದೂ ಅಂದುಕೊಳ್ಳಬೇಡಿ. ರಾಜಿ ಪತ್ರಗಳಲ್ಲಿ ಆ ಸಾಲು ಸಾಮಾನ್ಯ.

ಬೆರಳಿಟ್ಟು ಓದಬೇಕಾದದ್ದು ತಯಾರಿಕೆ ಬದಲಾವಣೆಯ ಷರತ್ತು. ಯಾವ ರಾಸಾಯನಿಕ, ಯಾವ ಮಿತಿ, ಯಾವ ದಿನಾಂಕದಿಂದ? ಹಲವು ಒಪ್ಪಂದಗಳಲ್ಲಿ ಟ್ರಿಸ್‌ನ ಮಿತಿ ಹತ್ತು ಲಕ್ಷಕ್ಕೆ 25 ಭಾಗ. ‘ಅಥವಾ ಎಚ್ಚರಿಕೆ ಚೀಟಿ ಅಂಟಿಸಬಹುದು’ ಎಂದಿದ್ದರೆ ಫೋಮ್ ಬದಲಾಗಿಲ್ಲದೆಯೂ ಇರಬಹುದು. ಹಳೇ ದಾಸ್ತಾನಿಗೆ ವಿನಾಯಿತಿ ಇದೆಯೇ ಎಂದು ನೋಡಿ, ನಿಮ್ಮ ಲೇಬಲ್‌ನಲ್ಲಿರುವ ತಯಾರಿಕೆಯ ದಿನಾಂಕದ ಜೊತೆ ತಾಳೆ ಹಾಕಿ. ಬಿಲ್ಲಿನ ದಿನಾಂಕ ಇಲ್ಲಿ ಕೆಲಸಕ್ಕೆ ಬಾರದು.

ಹಳೇ ಫೋಮ್ ಎಂದು ಖಚಿತವಾದರೆ ಕವರ್ ಒಗೆದು ಪ್ರಯೋಜನವಿಲ್ಲ, ‘ವಿಷ ತೆಗೆಯುವ’ ಸ್ಪ್ರೇಗೆ ದುಡ್ಡು ಸುರಿಯಲೂಬೇಡಿ. ರಾಸಾಯನಿಕ ಫೋಮ್‌ನಿಂದ ಧೂಳಿಗೆ, ಧೂಳಿನಿಂದ ಮಗುವಿನ ಕೈಗೆ, ಬಾಯಿಗೆ ಹೋಗುತ್ತದೆ. ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್‌ನ ವ್ಯಾಕ್ಯೂಮ್, ಒದ್ದೆ ಬಟ್ಟೆ, ಊಟಕ್ಕೆ ಮೊದಲು ಕೈತೊಳೆತ ಇರಲಿ. ಫೋಮ್ ಹರಿದು ಪುಡಿಯಾಗುತ್ತಿದ್ದರೆ ತೇಪೆ ಹಾಕದೆ ಪೂರ್ತಿ ಬದಲಿಸಿ, ಹೊಸ ಫೋಮ್‌ನಲ್ಲಿ ಬೆಂಕಿನಿರೋಧಕ ಸೇರಿಸಿಲ್ಲವೆಂದು ಅಂಗಡಿಯವರಿಂದ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.