ಸಾಸಿವೆ, ಪಳೆಯುಳಿಕೆ, ಪ್ಲಾಸ್ಟಿಕ್ ಹಕ್ಕಿ: ಮ್ಯಾಡಿಸನ್ ನಗರದ ಅಪರೂಪದ ತಾಣಗಳನ್ನು ನೋಡುವ ಬಗೆ

ಅಮೆರಿಕದ ಮಧ್ಯಪಶ್ಚಿಮ ಭಾಗದಲ್ಲಿರುವ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್‌ಗೆ ನಮ್ಮವರು ಹೋಗುವುದು ಹೆಚ್ಚಾಗಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ಮಕ್ಕಳನ್ನೋ, ಕೆಲಸದ ಮೇಲೆ ನೆಲೆಸಿರುವ ನೆಂಟರನ್ನೋ ನೋಡುವುದಕ್ಕಾಗಿ. ಶಾಸಕಾಂಗ ಭವನದ ಗುಮ್ಮಟದ ಮುಂದೆ ಒಂದು, ಸರೋವರದ ಮುಂದೆ ಒಂದು ಫೋಟೊ ತೆಗೆಸಿಕೊಂಡರೆ ಊರು ನೋಡಿದಂತಾಯಿತೆಂದು ಶಿಕಾಗೊ ಕಡೆಗೆ ಹೊರಡುವವರೇ ಬಹಳ. ಆದರೆ ಈ ಊರಿನ ವಿಚಿತ್ರಗಳೆಲ್ಲ ಯಾವುದೋ ಮೂಲೆಯಲ್ಲಿ ಅಡಗಿ ಕುಳಿತಿಲ್ಲ. ಬಹುಪಾಲು ಎಲ್ಲರೂ ಹೋಗುವ ಜಾಗಗಳ ಒಳಗೇ ಇವೆ, ಕೆಲವಂತೂ ಕಾಲಡಿಯಲ್ಲೇ ಇವೆ. ಆದ್ದರಿಂದ ಎಲ್ಲಿಗೆ ಹೋಗಬೇಕು ಎನ್ನುವುದಕ್ಕಿಂತ, ಹೋದಲ್ಲಿ ಎಲ್ಲಿ ನಿಂತು ಏನನ್ನು ನೋಡಬೇಕು ಎನ್ನುವುದನ್ನೇ ಇಲ್ಲಿ ಹೆಚ್ಚಾಗಿ ಹೇಳಿದ್ದೇನೆ. ನಗರಕ್ಕೆ ಎರಡು ದಿನ, ಹೊರವಲಯಕ್ಕೆ ಒಂದು ದಿನ ಇಟ್ಟುಕೊಂಡರೆ ಅವಸರವಿಲ್ಲದೆ ನೋಡಬಹುದು.

ಮೊದಲಿಗೆ ಊರಿನ ನೆಲದ ಪರಿಚಯ ಇರಲಿ. ಮೆಂಡೋಟಾ ಮತ್ತು ಮೊನೋನಾ ಎಂಬ ಎರಡು ಸರೋವರಗಳ ನಡುವಿನ ಕಿರಿದಾದ ಭೂಸಂಧಿಯ ಮೇಲೆ ಹಳೆಯ ನಗರ ನಿಂತಿದೆ. ಬೀದಿಗಳು ಭೂಸಂಧಿಯ ಓರೆಗೆ ಹೊಂದಿಕೊಂಡು ಹಾಕಲ್ಪಟ್ಟಿರುವುದರಿಂದ, ಈಸ್ಟ್ ವಾಷಿಂಗ್ಟನ್ ಎಂಬ ರಸ್ತೆ ಹೆಸರಿಗೆ ಪೂರ್ವವಾದರೂ ನಿಜದಲ್ಲಿ ಈಶಾನ್ಯಕ್ಕೆ ಹೋಗುತ್ತದೆ. ದಿಕ್ಕನ್ನು ನಂಬಿ ನಡೆದರೆ ದಾರಿ ತಪ್ಪುತ್ತದೆ. ಗುಮ್ಮಟವನ್ನು ಗುರುತಾಗಿಟ್ಟುಕೊಂಡು ನಡೆಯುವುದೇ ಸುಲಭ. ನಗರದೊಳಗಿನ ತಾಣಗಳಿಗೆ ಕಾರು ಬೇಕಿಲ್ಲ, ಕಾಲ್ನಡಿಗೆ ಮತ್ತು ಬಸ್ಸು ಸಾಕು. ಹೊರವಲಯಕ್ಕೆ ಮಾತ್ರ ಕಾರು ಬೇಕೇ ಬೇಕು. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗಿನ ಕಾಲ ಅನುಕೂಲಕರ. ದಿನಾಂಕ ಗೊತ್ತುಮಾಡುವ ಮುನ್ನ ವಿಶ್ವವಿದ್ಯಾಲಯದ ಫುಟ್‌ಬಾಲ್ ವೇಳಾಪಟ್ಟಿಯನ್ನು ಒಮ್ಮೆ ನೋಡಿಕೊಳ್ಳಿ. ಕ್ಯಾಂಪ್ ರಾಂಡಲ್ ಕ್ರೀಡಾಂಗಣದಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸೇರುವ ಶರತ್ಕಾಲದ ಶನಿವಾರಗಳಂದು ಹೋಟೆಲ್ ಕೋಣೆ ಸಿಗುವುದೂ ಕಷ್ಟ, ಸಿಕ್ಕರೆ ಬಾಡಿಗೆ ಕೊಡುವುದೂ ಕಷ್ಟ.

ಮೊದಲ ಬೆಳಗ್ಗೆ ಶಾಸಕಾಂಗ ಭವನದಿಂದ, ಅಂದರೆ ಕ್ಯಾಪಿಟಲ್‌ನಿಂದ ಆರಂಭಿಸಿ. ಪ್ರವೇಶಕ್ಕೆ ಹಣವಿಲ್ಲ, ಮಾರ್ಗದರ್ಶಿಗಳು ನಡೆಸುವ ಸುತ್ತಾಟಕ್ಕೂ ಹಣವಿಲ್ಲ. ಇದಕ್ಕೂ ಮುಂಚೆ ಇಲ್ಲಿದ್ದ ಭವನ 1904ರ ಫೆಬ್ರುವರಿಯ ಒಂದು ರಾತ್ರಿ, ಹೊಸದಾಗಿ ವಾರ್ನಿಶ್ ಬಳಿದಿದ್ದ ಮೇಲ್ಛಾವಣಿಗೆ ಗ್ಯಾಸ್ ದೀಪದ ಜ್ವಾಲೆ ತಗುಲಿ ಉರಿದುಹೋಯಿತು. ಅದರ ವಿಮೆ ಕೆಲವೇ ವಾರಗಳ ಹಿಂದೆ ಕೊನೆಗೊಂಡಿತ್ತೆಂಬುದು ಈ ಕಥೆಯ ಕಹಿಯಾದ ಭಾಗ. ಜಾರ್ಜ್ ಬಿ. ಪೋಸ್ಟ್ ವಿನ್ಯಾಸ ಮಾಡಿದ ಈಗಿನ ಭವನವನ್ನು 1906ರಿಂದ 1917ರವರೆಗೆ ಕಟ್ಟಲಾಯಿತು. ಗ್ರಾನೈಟ್ ಗುಮ್ಮಟದ ತುದಿಯವರೆಗಿನ ಎತ್ತರ 284 ಅಡಿ. ವಾಷಿಂಗ್ಟನ್ನಿನ ಕ್ಯಾಪಿಟಲ್‌ಗಿಂತ ಸುಮಾರು ಮೂರು ಅಡಿಯಷ್ಟೇ ಕಡಿಮೆ.

ಒಳಗೆ ಹೋದೊಡನೆ ಎಲ್ಲರೂ ಕತ್ತೆತ್ತಿ ಗುಮ್ಮಟದ ಒಳಮೈಯ ಚಿತ್ರವನ್ನು ನೋಡುತ್ತಾರೆ. ನೀವೂ ನೋಡಿ, ಆದರೆ ಆಮೇಲೆ ತಲೆ ತಗ್ಗಿಸಿ. ಈ ಕಟ್ಟಡಕ್ಕೆ ಹಲವು ದೇಶಗಳಿಂದ ತರಿಸಿದ 43 ಬಗೆಯ ಕಲ್ಲುಗಳನ್ನು ಬಳಸಲಾಗಿದೆ. ಅವುಗಳಲ್ಲಿ ಕೆಲವು ಸುಣ್ಣಕಲ್ಲುಗಳ ಒಡಲಲ್ಲಿ ಕೋಟ್ಯಂತರ ವರ್ಷಗಳ ಹಿಂದಿನ ಸಮುದ್ರಜೀವಿಗಳ ಪಳೆಯುಳಿಕೆಗಳು ಹಾಗೆಯೇ ಉಳಿದಿವೆ. ನಯಗೊಳಿಸಿದ ಮೆಟ್ಟಿಲಿನ ಮೇಲೆ ಮೊದಲು ಕಾಣುವುದು ಬಿಳಿಯ ಕಲೆ ಮಾತ್ರ. ಮಂಡಿಯೂರಿ ಕುಳಿತು, ಬೆಳಕು ಓರೆಯಾಗಿ ಬೀಳುವಂತೆ ಮುಖ ಸರಿಸಿ ನೋಡಿದರೆ ಆ ಕಲೆ ಸುರುಳಿಯಾಗಿ, ಸುರುಳಿಯೊಳಗೆ ಸಾಲು ಸಾಲು ಕೋಣೆಗಳಾಗಿ ಬಿಡಿಸಿಕೊಳ್ಳುತ್ತದೆ. ಪಕ್ಕದಲ್ಲೇ ಅಧಿಕಾರಿಗಳು ಕಡತ ಹಿಡಿದು ಅದನ್ನು ತುಳಿದುಕೊಂಡೇ ಹತ್ತುತ್ತಿರುತ್ತಾರೆ. ಎಲ್ಲಿ ಹುಡುಕಬೇಕೆಂದು ಮಾರ್ಗದರ್ಶಿಯನ್ನು ಕೇಳಿ. ಈ ಪ್ರಶ್ನೆ ಕೇಳುವವರನ್ನು ಕಂಡರೆ ಅವರಿಗೆ ಸಂತೋಷವೇ.

ಅನಂತರ ಗವರ್ನರ್ ಕಚೇರಿಯ ಬಾಗಿಲ ಬಳಿಯ ಬ್ಯಾಜರ್ ಪ್ರತಿಮೆಯನ್ನು ನೋಡಿ. ಬ್ಯಾಜರ್ ಎಂದರೆ ಬಿಲ ತೋಡುವ ಒಂದು ಗಿಡ್ಡ ಪ್ರಾಣಿ. 19ನೇ ಶತಮಾನದ ಮೊದಲ ಭಾಗದಲ್ಲಿ ಇಲ್ಲಿಗೆ ಸೀಸದ ಅದಿರು ತೆಗೆಯಲು ಬಂದವರು ಗುಡ್ಡ ಕೊರೆದು ಅದರೊಳಗೇ ಚಳಿಗಾಲ ಕಳೆಯುತ್ತಿದ್ದರಾದ್ದರಿಂದ ಅವರಿಗೆ ಈ ಹೆಸರು ಅಂಟಿಕೊಂಡು, ಮುಂದೆ ರಾಜ್ಯಕ್ಕೇ ಅಡ್ಡಹೆಸರಾಯಿತು. ಈ ಕಂಚಿನ ಬ್ಯಾಜರ್ ಒಂದು ಕಾಲದಲ್ಲಿ ವಿಸ್ಕಾನ್ಸಿನ್ ಹೆಸರಿನ ಯುದ್ಧನೌಕೆಯ ಮೇಲಿತ್ತು. ಸ್ಪೇನ್ ಜೊತೆಗಿನ ಯುದ್ಧದಲ್ಲಿ ಕ್ಯೂಬಾದಲ್ಲಿ ವಶವಾದ ಫಿರಂಗಿಗಳನ್ನು ಕರಗಿಸಿ ಇದನ್ನು ಎರಕ ಹೊಯ್ದದ್ದು. ಅದೃಷ್ಟಕ್ಕೆಂದು ಬಂದವರೆಲ್ಲ ಸವರಿ ಸವರಿ, ಮೈಯೆಲ್ಲ ಕಪ್ಪಾಗಿದ್ದರೂ ಮೂಗೊಂದು ಮಾತ್ರ ಚಿನ್ನದಂತೆ ಹೊಳೆಯುತ್ತದೆ. ಹೊರಗೆ ಬಂದು ಗುಮ್ಮಟದ ತುದಿಯ ಹೊನ್ನಿನ ಪ್ರತಿಮೆಯನ್ನು ನೋಡಿದರೆ, ಅದರ ಶಿರಸ್ತ್ರಾಣದ ಮೇಲೂ ಒಂದು ಬ್ಯಾಜರ್ ಕುಳಿತಿರುವುದು ಕಾಣುತ್ತದೆ. ಬರಿಗಣ್ಣಿಗೆ ಅದು ಸಿಗದು, ಫೋನಿನ ಕ್ಯಾಮೆರಾವನ್ನು ಹಿಗ್ಗಿಸಬೇಕು. ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದ ಪ್ರತಿಮೆಯನ್ನು ರೂಪಿಸಿದ ಡೇನಿಯಲ್ ಚೆಸ್ಟರ್ ಫ್ರೆಂಚ್ ಅವರೇ ಇದರ ಶಿಲ್ಪಿ. ಊರಿನವರೇ ಅನೇಕರು ಇದನ್ನು ‘ಫಾರ್ವರ್ಡ್’ ಎಂದು ಕರೆಯುವುದುಂಟು. ಅದು ತಪ್ಪು: ಫಾರ್ವರ್ಡ್ ಎಂಬುದು ಕೆಳಗೆ ನೆಲದ ಮೇಲಿರುವ ಬೇರೆ ಪ್ರತಿಮೆ, ಮೇಲಿರುವುದರ ಹೆಸರು ‘ವಿಸ್ಕಾನ್ಸಿನ್’.

ಸಾಧ್ಯವಾದರೆ ಈ ಭೇಟಿಯನ್ನು ಶನಿವಾರಕ್ಕೆ ಹೊಂದಿಸಿಕೊಳ್ಳಿ. ಏಪ್ರಿಲ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ ಭವನದ ಸುತ್ತಲಿನ ಚೌಕದಲ್ಲಿ ರೈತರ ಸಂತೆ ನಡೆಯುತ್ತದೆ. 1972ರಲ್ಲಿ ಶುರುವಾದ ಈ ಸಂತೆಯಲ್ಲಿ ತಾವೇ ಬೆಳೆದದ್ದನ್ನು ಅಥವಾ ತಯಾರಿಸಿದ್ದನ್ನು ಬಿಟ್ಟು ಬೇರೇನನ್ನೂ ಮಾರುವಂತಿಲ್ಲ. ಇಲ್ಲಿ ಎಚ್ಚರ ವಹಿಸಬೇಕಾದ ವಿಷಯವೆಂದರೆ ನಡೆಯುವ ದಿಕ್ಕು. ನಮಗೆ ಪ್ರದಕ್ಷಿಣೆ ರೂಢಿ. ಇಲ್ಲಿ ಇಡೀ ಜನಸಾಗರ ಅಪ್ರದಕ್ಷಿಣೆಯಾಗಿ, ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಮರೆತು ಬಲಸುತ್ತು ಹೊರಟರೆ ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಬರುವ ನೂರಾರು ಜನರಿಗೆ ಎದುರಾಗುತ್ತೀರಿ. ಅಂದಂದಿನ ಚೀಸ್ ಕರ್ಡ್ಸ್, ಅಂದರೆ ಹೊಸ ಚೀಸ್‌ನ ಸಣ್ಣ ಗಟ್ಟಿಗಳನ್ನು, ಒಂದು ಚೀಲ ಕೊಂಡು ಆಗಲೇ ತಿಂದುಬಿಡಿ. ತಾಜಾ ಇದ್ದಾಗ ಹಲ್ಲಿಗೆ ಸಿಕ್ಕಿ ಕಿರ್‌ಕಿರ್ ಎಂದು ಸದ್ದು ಮಾಡುವ ಈ ಗಟ್ಟಿಗಳು ಮರುದಿನಕ್ಕೆ ಮೂಕವಾಗುತ್ತವೆ.

ಸಂತೆಯಿಂದ ಎರಡು ಹೆಜ್ಜೆ ದಾಟಿದರೆ ಮೊನೋನಾ ದಂಡೆಯ ಮೊನೋನಾ ಟೆರೇಸ್ ಎಂಬ ಸಮಾವೇಶ ಭವನವಿದೆ. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1938ರಲ್ಲಿ ಇದರ ನಕ್ಷೆ ಮುಂದಿಟ್ಟರು, ಆದರೆ 1959ರಲ್ಲಿ ಅವರು ತೀರಿಕೊಂಡಾಗಲೂ ಒಂದು ಕಲ್ಲು ಬಿದ್ದಿರಲಿಲ್ಲ. ಬಾಗಿಲು ತೆರೆದದ್ದು 1997ರಲ್ಲಿ. ತಾರಸಿಯ ಮೇಲೆ, 1967ರ ಡಿಸೆಂಬರ್ 10ರಂದು ಇದೇ ಸರೋವರಕ್ಕೆ ಬಿದ್ದ ವಿಮಾನದಲ್ಲಿ ಮಡಿದ ಗಾಯಕ ಓಟಿಸ್ ರೆಡಿಂಗ್ ಅವರ ಸ್ಮಾರಕ ಫಲಕವಿದೆ. ಅರ್ಧ ಗಂಟೆ ಸಾಕು.

ಎರಡನೆಯ ದಿನವನ್ನು ಪೂರ್ತಿಯಾಗಿ ವಿಶ್ವವಿದ್ಯಾಲಯಕ್ಕೆ ಕೊಡಿ. ಕ್ಯಾಪಿಟಲ್‌ನಿಂದ ಸ್ಟೇಟ್ ಸ್ಟ್ರೀಟ್ ಹಿಡಿದು ನಡೆದರೆ ನೇರವಾಗಿ ಬಾಸ್ಕಮ್ ಹಿಲ್‌ನ ಬುಡಕ್ಕೆ ತಲುಪುತ್ತೀರಿ. 1979ರ ಸೆಪ್ಟೆಂಬರ್‌ನಲ್ಲಿ, ತರಗತಿಗಳು ಆರಂಭವಾದ ದಿನ, ವಿದ್ಯಾರ್ಥಿ ಸಂಘದ ಚುನಾವಣೆಯಲ್ಲಿ ತಮಾಷೆಯನ್ನೇ ಪ್ರಣಾಳಿಕೆ ಮಾಡಿಕೊಂಡು ಗೆದ್ದಿದ್ದ ‘ಪೇಲ್ ಅಂಡ್ ಶವಲ್’ ಪಕ್ಷದವರು ಈ ಇಳಿಜಾರಿನ ಹುಲ್ಲಿನ ಮೇಲೆ 1,008 ಗುಲಾಬಿ ಬಣ್ಣದ ಪ್ಲಾಸ್ಟಿಕ್ ಫ್ಲೆಮಿಂಗೊಗಳನ್ನು ನೆಟ್ಟಿದ್ದರು. ಅದೇ ವರ್ಷದ ಫೆಬ್ರುವರಿಯಲ್ಲಿ, ಹೆಪ್ಪುಗಟ್ಟಿದ ಮೆಂಡೋಟಾದ ಮೇಲೆ ಸ್ವಾತಂತ್ರ್ಯದೇವಿಯ ತಲೆ ಮತ್ತು ಪಂಜು ಹಿಡಿದ ಕೈ ಮಾತ್ರ ಮಂಜಿನಿಂದ ಮೇಲೆದ್ದಂತೆ ಕಟ್ಟಿ ನಿಲ್ಲಿಸಿದವರೂ ಅವರೇ. ನಗರಸಭೆ 2009ರಲ್ಲಿ ಪ್ಲಾಸ್ಟಿಕ್ ಫ್ಲೆಮಿಂಗೊವನ್ನು ಮ್ಯಾಡಿಸನ್‌ನ ಅಧಿಕೃತ ಪಕ್ಷಿಯೆಂದು ಘೋಷಿಸಿತು. ಇಲ್ಲಿ ಮನೆಗಳ ಅಂಗಳದಲ್ಲೋ ಅಂಗಿಗಳ ಮೇಲೋ ಆ ಹಕ್ಕಿ ಕಂಡರೆ ಅದರ ಹಿಂದಿನ ಸಂಗತಿ ಇದು.

ಗುಡ್ಡದ ಆಚೆ, ಅಬ್ಸರ್ವೇಟರಿ ಹಿಲ್ ಮೇಲೆ ಈ ಊರಿನ ಅತ್ಯಂತ ಹಳೆಯ ಹಾಗೂ ಅತ್ಯಂತ ಸುಲಭವಾಗಿ ಕಣ್ತಪ್ಪುವ ವಸ್ತುಗಳಿವೆ. ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿನ ಮೂಲನಿವಾಸಿಗಳು ಪಕ್ಷಿ, ಪ್ರಾಣಿ, ಜಲದೈವಗಳ ಆಕಾರದಲ್ಲಿ ಮಣ್ಣಿನ ದಿಬ್ಬಗಳನ್ನು ಕಟ್ಟಿದರು. ಅನೇಕ ದಿಬ್ಬಗಳು ಸಮಾಧಿಗಳೂ ಹೌದು. ಈ ನಾಲ್ಕು ಸರೋವರಗಳ ನಾಡನ್ನು ತೇಜೋಪ್ ಎಂದು ಕರೆಯುವ ಹೋ-ಚಂಕ್ ಜನ ಅವರನ್ನು ತಮ್ಮ ಪೂರ್ವಜರೆಂದೇ ಕಾಣುತ್ತಾರೆ. ಇಲ್ಲಿ ಒಂದು ಪಕ್ಷಿಯ ದಿಬ್ಬವೂ, ಎರಡು ಬಾಲವುಳ್ಳ ಜಲದೈವದ ದಿಬ್ಬವೂ ಇವೆ. ಆದರೆ ಎತ್ತರ ಮೊಣಕಾಲಿನಷ್ಟೂ ಇಲ್ಲದಿರುವುದರಿಂದ ನಡುಮಧ್ಯಾಹ್ನ ಹೋದರೆ ಏನೂ ಕಾಣದು; ಬರಿಯ ಹುಲ್ಲುಗಾವಲು ಎಂದುಕೊಂಡು ಮರಳುತ್ತೀರಿ. ಬೆಳಗ್ಗೆ ಅಥವಾ ಸಂಜೆ, ಬಿಸಿಲು ನೆಲಕ್ಕೆ ಒರಗಿದಂತೆ ಬೀಳುವ ಹೊತ್ತಿಗೆ ಬನ್ನಿ. ಆಗ ನೆಲದ ಸಣ್ಣ ಉಬ್ಬಿಗೂ ಒಂದು ಬದಿಯಲ್ಲಿ ನೆರಳಿನ ಅಂಚು ಮೂಡುತ್ತದೆ. ಆ ಅಂಚನ್ನು ಕಣ್ಣಿನಲ್ಲೇ ಹಿಂಬಾಲಿಸಿದರೆ ಮೊದಲು ರೆಕ್ಕೆ, ಆಮೇಲೆ ಮೈ, ಕೊನೆಗೆ ಪೂರ್ತಿ ಹಕ್ಕಿ ಕೂಡಿಕೊಳ್ಳುತ್ತದೆ. ದಿಬ್ಬದ ಮೇಲೆ ಹತ್ತಬಾರದು, ಅದರ ಮೇಲೆ ಕುಳಿತು ಬುತ್ತಿ ಬಿಚ್ಚಬಾರದು. ಕಾನೂನಿನ ರಕ್ಷಣೆಯುಳ್ಳ ಸಮಾಧಿಗಳಿವು, ಕಾನೂನು ಇಲ್ಲದಿದ್ದರೂ ಮಾಡಬಾರದು. ಇನ್ನೂ ನೋಡಬೇಕೆನಿಸಿದರೆ ಮೆಂಡೋಟಾದೊಳಕ್ಕೆ ಬೆರಳಿನಂತೆ ಚಾಚಿಕೊಂಡಿರುವ ಪಿಕ್ನಿಕ್ ಪಾಯಿಂಟ್‌ನ ಕಾಲುದಾರಿಯಲ್ಲಿ ಬೇರೆ ಆಕಾರದ ದಿಬ್ಬಗಳಿವೆ.

ಅದೇ ಗುಡ್ಡದ ಮೇಲಿನ ವಾಶ್‌ಬರ್ನ್ ವೀಕ್ಷಣಾಲಯದಲ್ಲಿ 19ನೇ ಶತಮಾನದ ಕೊನೆಯ ಭಾಗದ 15.6 ಇಂಚಿನ ದೂರದರ್ಶಕವಿದೆ. ಆ ಅಳತೆಗೊಂದು ಕಾರಣವೂ ಇದೆ: ಹಾರ್ವರ್ಡ್‌ನಲ್ಲಿದ್ದದ್ದು 15 ಇಂಚಿನದು, ಅದಕ್ಕೆ ಇದು ಯಾವುದರಲ್ಲೂ ಕಡಿಮೆಯಾಗಬಾರದಿತ್ತು. ಆಕಾಶ ತಿಳಿಯಾಗಿದ್ದರೆ ಗೊತ್ತುಪಡಿಸಿದ ಬುಧವಾರ ರಾತ್ರಿಗಳಲ್ಲಿ ಸಾರ್ವಜನಿಕರಿಗೆ ಅದರ ಮೂಲಕ ನೋಡಲು ಬಿಡುತ್ತಾರೆ. ಹೊರಡುವ ದಿನವೇ ವಿಚಾರಿಸಿಕೊಳ್ಳಿ, ಮೋಡ ಕವಿದರೆ ಬಾಗಿಲು ತೆರೆಯುವುದಿಲ್ಲ.

ಹಗಲಿನ ಉಳಿದ ಹೊತ್ತಿಗೆ ಆವರಣದ ಎರಡು ಚಿಕ್ಕ ವಸ್ತುಸಂಗ್ರಹಾಲಯಗಳಿವೆ, ಎರಡೂ ಉಚಿತ. ಚೇಂಬರ್ಲಿನ್ ಹಾಲ್‌ನ ಇಂಗರ್ಸಾಲ್ ಭೌತವಿಜ್ಞಾನ ಸಂಗ್ರಹಾಲಯ 1918ರಿಂದ ಇದೆ. ಅಲ್ಲಿನ ಉಪಕರಣಗಳನ್ನು ಮುಟ್ಟಬೇಡಿ ಎಂಬ ಫಲಕವಿಲ್ಲ, ಮುಟ್ಟಲೆಂದೇ ಇಟ್ಟಿರುವುದು. ವೀಕ್ಸ್ ಹಾಲ್‌ನ ಭೂವಿಜ್ಞಾನ ಸಂಗ್ರಹಾಲಯದಲ್ಲಿ ಬೋಆಜ್ ಮಾಸ್ಟೊಡಾನ್ ಎಂಬ, ಆನೆಯ ದೂರದ ಸಂಬಂಧಿಯ ಅಸ್ಥಿಪಂಜರ ನಿಂತಿದೆ. 1897ರಲ್ಲಿ ಮಳೆಗೆ ಕೊರೆದ ಹಳ್ಳದ ದಂಡೆಯಲ್ಲಿ ರೈತರ ಮಕ್ಕಳ ಕಣ್ಣಿಗೆ ಬಿದ್ದ ಮೂಳೆಗಳಿವು. ಶತಮಾನಕ್ಕೂ ಹೆಚ್ಚು ಕಾಲ ಒಂದೇ ಪ್ರಾಣಿಯೆಂದು ತಿಳಿದಿದ್ದ ಈ ಅಸ್ಥಿಪಂಜರದಲ್ಲಿ ಎರಡು ಪ್ರಾಣಿಗಳ ಮೂಳೆಗಳು ಸೇರಿವೆಯೆಂದು ಆಮೇಲೆ ಗೊತ್ತಾಯಿತು. ಪಕ್ಕದ ಕತ್ತಲೆ ಕೋಣೆಯಲ್ಲಿ ನೇರಳಾತೀತ ಬೆಳಕಿಗೆ ಹಸಿರು, ಕಿತ್ತಳೆ ಬಣ್ಣ ಉಗುಳುವ ಕಲ್ಲುಗಳನ್ನು ಮಕ್ಕಳಿಗೆ ತಪ್ಪದೆ ತೋರಿಸಿ. ಈ ಎರಡೂ ವಾರಾಂತ್ಯದಲ್ಲಿ ಮುಚ್ಚಿರುವ ಸಾಧ್ಯತೆ ಇರುವುದರಿಂದ ವಾರದ ನಡುವೆ ಹೋಗುವುದು ಜಾಣತನ. ದಣಿವಾರಿಸಿಕೊಳ್ಳಲು ವಿಶ್ವವಿದ್ಯಾಲಯದ್ದೇ ಡೈರಿಯಾದ ಬಾಬ್‌ಕಾಕ್ ಹಾಲ್‌ನ ಐಸ್‌ಕ್ರೀಮ್ ಇದೆ. ಹಾಲಿನ ಕೊಬ್ಬನ್ನು ಅಳೆಯುವ ಸುಲಭ ವಿಧಾನವನ್ನು 1890ರಲ್ಲಿ ಇಲ್ಲೇ ಕಂಡುಹಿಡಿದ ಸ್ಟೀಫನ್ ಬಾಬ್‌ಕಾಕ್ ಅವರ ಹೆಸರು ಅದಕ್ಕೆ.

ನಗರಕ್ಕೆ ಅಂಟಿಕೊಂಡ ಮಿಡಲ್ಟನ್‌ನಲ್ಲಿ ರಾಷ್ಟ್ರೀಯ ಸಾಸಿವೆ ಸಂಗ್ರಹಾಲಯವಿದೆ. ಇದನ್ನು ಸ್ಥಾಪಿಸಿದ ಬ್ಯಾರಿ ಲೆವೆನ್ಸನ್ ಮೊದಲು ರಾಜ್ಯದ ಸಹಾಯಕ ಅಟಾರ್ನಿ ಜನರಲ್ ಆಗಿದ್ದರು. 1986ರಲ್ಲಿ ತಮ್ಮ ಮೆಚ್ಚಿನ ಬೇಸ್‌ಬಾಲ್ ತಂಡ ವಿಶ್ವ ಸರಣಿಯಲ್ಲಿ ಸೋತ ರಾತ್ರಿ, ನಿದ್ದೆ ಬಾರದೆ ಅಂಗಡಿಯೊಂದರಲ್ಲಿ ಅಲೆಯುತ್ತ ಸಾಸಿವೆ ಸೀಸೆಗಳ ಸಾಲಿನ ಮುಂದೆ ನಿಂತಾಗ ಈ ಸಂಗ್ರಹದ ಯೋಚನೆ ಹುಟ್ಟಿತೆಂದು ಅವರೇ ಹೇಳಿಕೊಂಡಿದ್ದಾರೆ. ಒಗ್ಗರಣೆಯಲ್ಲಿ ಚಟಪಟ ಎನ್ನುವ ಕಾಳಾಗಿ ಮಾತ್ರ ಸಾಸಿವೆಯನ್ನು ಬಲ್ಲ ನಮಗೆ ಆರು ಸಾವಿರಕ್ಕೂ ಹೆಚ್ಚು ಬಗೆಯ ಅರೆದ ಸಾಸಿವೆಯ ಸೀಸೆಗಳನ್ನು ಒಂದೆಡೆ ಕಾಣುವುದೇ ಒಂದು ಬೆರಗು. ಪ್ರವೇಶ ಉಚಿತ. ಗಾಜಿನ ಕಪಾಟುಗಳಿಗಿಂತ ರುಚಿ ನೋಡುವ ಕಟ್ಟೆಯ ಬಳಿ ಹೆಚ್ಚು ಹೊತ್ತು ಕಳೆಯಿರಿ. ಸಿಹಿಯಿಂದ ಶುರುಮಾಡಿ ಖಾರಕ್ಕೆ ಹೋಗಿ, ತಿರುವುಮುರುವು ಮಾಡಿದರೆ ನಾಲಿಗೆ ಮರಗಟ್ಟಿ ಉಳಿದವುಗಳ ರುಚಿ ತಿಳಿಯದು.

ಮೂರನೆಯ ದಿನಕ್ಕೆ ಎರಡು ದಾರಿಗಳಿವೆ, ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಒಂದು, ಪಶ್ಚಿಮಕ್ಕೆ ಸ್ಪ್ರಿಂಗ್ ಗ್ರೀನ್ ಬಳಿಯ ಹೌಸ್ ಆನ್ ದ ರಾಕ್. ಅಲೆಕ್ಸ್ ಜೋರ್ಡನ್ ಬಂಡೆಯ ಮೇಲೆ ಕಟ್ಟಿ 1960ರಲ್ಲಿ ಜನರಿಗೆ ತೆರೆದ ಈ ಮನೆಯಲ್ಲಿ, 218 ಅಡಿ ಉದ್ದಕ್ಕೆ ಕಣಿವೆಯ ಮೇಲೆ ಆಧಾರವಿಲ್ಲದೆ ಚಾಚಿರುವ, 3,264 ಕಿಟಕಿಗಳ ಕೋಣೆಯೊಂದಿದೆ. 269 ಪ್ರಾಣಿಗಳಿದ್ದೂ ಅವುಗಳಲ್ಲಿ ಒಂದೂ ಕುದುರೆಯಿಲ್ಲದ ತಿರುಗುಬಂಡಿಯೂ ಇದೆ. ಟಿಕೆಟ್ ಇದೆ, ಜನಜಂಗುಳಿ ಇದೆ, ಮಬ್ಬುಗತ್ತಲೆಯಲ್ಲಿ ಗಂಟೆಗಟ್ಟಲೆ ನಡೆಯಬೇಕು. ವಸ್ತುಗಳ ರಾಶಿ ಕೊನೆಕೊನೆಗೆ ಉಸಿರುಗಟ್ಟಿಸುತ್ತದೆ.

ನನ್ನನ್ನು ಕೇಳಿದರೆ ಇನ್ನೊಂದೇ ಮೇಲು: ವಾಯುವ್ಯಕ್ಕೆ 12ನೇ ಹೆದ್ದಾರಿ ಹಿಡಿದು, ಬ್ಯಾರಬೂ ತಲುಪುವ ಮುನ್ನ ಸಿಗುವ ಫಾರೆವರ್‌ಟ್ರಾನ್. ಹಳೆಯ ಕಾರ್ಖಾನೆಗಳನ್ನು ಕೆಡವುವ ವೃತ್ತಿಯಲ್ಲಿದ್ದ ಟಾಮ್ ಎವರಿ, 1980ರ ದಶಕದಲ್ಲಿ ತಮಗೆ ಡಾಕ್ಟರ್ ಎವರ್‌ಮೋರ್ ಎಂಬ ವಿಕ್ಟೋರಿಯಾ ಕಾಲದ ವಿಜ್ಞಾನಿಯ ವೇಷ ಕಟ್ಟಿಕೊಂಡು, ತಾಮ್ರದ ಮೊಟ್ಟೆಯೊಳಗಿನ ಗಾಜಿನ ಗೋಳದಲ್ಲಿ ಕುಳಿತು ಸ್ವರ್ಗಕ್ಕೆ ಹಾರುವ ಯಂತ್ರವೆಂದು ಇದನ್ನು ಕಟ್ಟತೊಡಗಿದರು. ಸುಮಾರು 300 ಟನ್ ಗುಜರಿಯಿಂದ ಎದ್ದ ಈ ಶಿಲ್ಪವನ್ನು ದೂರದಿಂದ ಒಮ್ಮೆ ನೋಡಿದ ಮೇಲೆ ಹತ್ತಿರ ಹೋಗಿ ಬಿಡಿಬಿಡಿಯಾಗಿ ಓದಬೇಕು: ಬಾಯ್ಲರ್, ಡೈನಮೊ, ಕವಾಟ, ಪ್ರತಿಯೊಂದಕ್ಕೂ ಹಿಂದೆ ಒಂದು ಕೆಲಸವಿತ್ತು. ಸುತ್ತ ನಿಂತಿರುವ ಹಕ್ಕಿಗಳ ವಾದ್ಯಮೇಳದಲ್ಲಿ ಹಳೆಯ ವಾದ್ಯಗಳ ಭಾಗಗಳೇ ಹಕ್ಕಿಗಳ ಮೈಯಾಗಿವೆ. ಎವರಿ 2020ರಲ್ಲಿ ತೀರಿಕೊಂಡರು. ನೋಡಲು ಟಿಕೆಟ್ ಇಲ್ಲ, ಕಾಣಿಕೆ ಹಾಕಬಹುದು. ತೆರೆದಿರುವ ದಿನಗಳು ಋತುವಿಗೆ ತಕ್ಕಂತೆ ಬದಲಾಗುವುದರಿಂದ ಹಿಂದಿನ ದಿನವೇ ಖಚಿತಪಡಿಸಿಕೊಳ್ಳಿ. ಹೆದ್ದಾರಿಯ ಪಕ್ಕದ ಹಳೆಯ ಸಾಮಾನುಗಳ ಅಂಗಡಿಯ ಹಿಂಭಾಗದಲ್ಲಿ ಇರುವುದರಿಂದ, ವೇಗದಲ್ಲಿ ಹೋದರೆ ತಿರುವು ಕಾಣದೆ ಮುಂದೆ ಹೋಗಿಬಿಡುತ್ತೀರಿ. ನೆಲ ಸಮತಟ್ಟಾಗಿಲ್ಲ, ಚೂಪಾದ ಕಬ್ಬಿಣ ಸುತ್ತಲೂ ಇದೆ. ಚಪ್ಪಲಿ ಬಿಟ್ಟು ಶೂ ಹಾಕಿಕೊಂಡು ಹೋಗಿ, ಚಿಕ್ಕ ಮಕ್ಕಳ ಕೈ ಬಿಡಬೇಡಿ.