ರೂಮ್‌ಮೇಟ್ ಬಿಟ್ಟು ಹೋದ ಬೀರು, ಸಿಲಿಂಡರ್, ಹಾಸಿಗೆ: ನಾನು ಲೆಕ್ಕ ಚುಕ್ತಾ ಮಾಡಿದ ಬಗೆ

ಹಾಸಿಗೆ ಬಿಸಾಕಿದ್ದು ನನ್ನ ತಪ್ಪು. ಅದನ್ನು ಮೊದಲೇ ಒಪ್ಪಿಕೊಂಡು ಬಿಡ್ತೀನಿ. ಉಳಿದದ್ದರಲ್ಲಿ ತಪ್ಪು ಅರ್ಧ ಅವಳದು, ಅರ್ಧ ನನ್ನದು.

ಬೆಂಗಳೂರಿನ ವಿಜಯನಗರದಲ್ಲಿ ಎರಡನೇ ಮಹಡಿಯ ಟೂ ಬಿಎಚ್‌ಕೆ. ಬಾಡಿಗೆ 24,000, ಅಡ್ವಾನ್ಸ್ ಒಂದೂವರೆ ಲಕ್ಷ. ನಾವು ಮೂವರು. ದೊಡ್ಡ ರೂಮಲ್ಲಿ ನಾನು, ಇನ್ನೊಬ್ಬಳು. ಚಿಕ್ಕ ರೂಮಲ್ಲಿ ಹುಬ್ಬಳ್ಳಿಯ ಹುಡುಗಿ ಒಬ್ಬಳೇ, ಅವಳ ಪಾಲು 10,000. ಎಲ್ಲರ ಹಾಗೆ 11 ತಿಂಗಳ ಅಗ್ರಿಮೆಂಟು. ಒಂದು ವರ್ಷ ಮೀರಿದರೆ ರಿಜಿಸ್ಟರ್ ಮಾಡಿಸಬೇಕಲ್ಲ, ಅದಕ್ಕೇ ಊರೆಲ್ಲಾ 11 ತಿಂಗಳು. ಅಗ್ರಿಮೆಂಟಲ್ಲಿ ಇದ್ದದ್ದು ನನ್ನ ಹೆಸರು ಮಾತ್ರ. ಅವಳು ಅಡ್ವಾನ್ಸಿನ ಪಾಲು 50,000 ಕೊಟ್ಟದ್ದು ನನ್ನ ಕೈಗೆ, ಒಂದು ಚೀಟಿಯೂ ಇಲ್ಲದೆ.

2023ರ ಮೇ ಕೊನೆಗೆ ಅವಳಿಗೆ ಮನೆಯಿಂದಲೇ ಕೆಲಸ ಮಾಡಬಹುದು ಅಂತಾಯಿತು. ಎರಡು ಸೂಟ್‌ಕೇಸ್ ಹಿಡಿದು ಹೊರಟಳು. "ಅಕ್ಕಾ, ಹದಿನೈದು ದಿನ ಇರ್ಲಿ ಬಿಡ್ರಿ, ಬಂದು ಒಯ್ತೀನಿ" ಅಂದಳು. ನಾನೂ ಸರಿ ಅಂದೆ. ಇಷ್ಟು ಸಣ್ಣ ಮಾತಿಗೆ ಯಾರು ಕಾಗದ ಪತ್ರ ಮಾಡ್ತಾರೆ ಹೇಳಿ.

ಬಿಟ್ಟು ಹೋದದ್ದು ಇಷ್ಟು: ಬೀಗ ಹಾಕಿದ ಕಬ್ಬಿಣದ ಬೀರು, ಹಾಸಿಗೆ, ಓದುವ ಟೇಬಲ್ಲು, ಗ್ಯಾಸ್ ಸಿಲಿಂಡರು, ಬಾಡಿಗೆಗೆ ತಂದಿದ್ದ ವಾಷಿಂಗ್ ಮೆಷೀನು, ಎರಡು ರಟ್ಟಿನ ಡಬ್ಬ, ಬಾಲ್ಕನಿಯಲ್ಲಿ ಒಂದು ತುಳಸಿ ಪಾಟು. ಜೂನ್ 10ಕ್ಕೆ ಹೊಸ ಹುಡುಗಿ ಬಂದಳು. ಬೀರು ಇದ್ದರೆ ನನ್ನ ಮಂಚ ಎಲ್ಲಿ ಹಾಕಲಿ ಅಂತ ಕೇಳಿದಳು, ನ್ಯಾಯವೇ. ಅದು ತೆರವಾಗುವ ತನಕ 1,500 ಕಡಿಮೆ ಕೊಡ್ತೀನಿ ಅಂದಳು, ಒಪ್ಪಿದೆ. ಅತ್ತ ಹುಬ್ಬಳ್ಳಿಯಿಂದ ಅಡ್ವಾನ್ಸ್ ವಾಪಸ್ ಕೊಡ್ರಿ ಅಂತ ಮೆಸೇಜ್ ಮೇಲೆ ಮೆಸೇಜು. ನಾನು 40,000 ಕಳಿಸಿ, 10,000 ಹಿಡಿದುಕೊಂಡೆ. ಸಾಮಾನು ತೆಗೆದ ಮೇಲೆ ಕೊಡ್ತೀನಿ ಅಂದೆ. ಜಗಳ ಶುರುವಾಗಿದ್ದೇ ಅಲ್ಲಿಂದ.

ಹಾಸಿಗೆ ವಿಷಯ. ಹೊಸ ಹುಡುಗಿ ಬಂದ ವಾರಕ್ಕೆ ಹಾಸಿಗೆಯ ಹೊಲಿಗೆ ಸಾಲಿನಲ್ಲಿ ತಿಗಣೆ ಕಂಡಿತು. ಒಂದೆರಡಲ್ಲ, ಅಂಚಿನುದ್ದಕ್ಕೂ ಕರಿ ಚುಕ್ಕಿ. ಹುಬ್ಬಳ್ಳಿಯವಳಿಗೆ ಮೆಸೇಜ್ ಹಾಕಿದೆ. "ಏನಾರ ಮಾಡ್ರಿ ಅಕ್ಕಾ" ಅಂತ ಉತ್ತರ ಬಂತು. ಅದೇ ಸಂಜೆ ಗುಜರಿಯವನಿಗೆ ಕೊಟ್ಟೆ, ಕೊಟ್ಟೆ ಅನ್ನೋದಕ್ಕಿಂತ ನೂರು ರೂಪಾಯಿ ಕೊಟ್ಟು ಕಳಿಸಿದೆ. ಫೋಟೋ ತೆಗೆಯಲಿಲ್ಲ. ತಿಗಣೆ ಫೋಟೋ ಯಾಕೆ ಅನ್ನಿಸಿತು. ತಿಂಗಳಾದ ಮೇಲೆ ಒಂಬತ್ತು ಸಾವಿರದ ಹಾಸಿಗೆ, ದುಡ್ಡು ಕೊಡಿ ಅಂದಳು. ನೀನೇ ಹೇಳಿದ್ದೆ ಅಲ್ವಾ ಅಂತ ವಾಟ್ಸಾಪ್ ತೆಗೆದು ನೋಡಿದರೆ ಮೆಸೇಜೇ ಇಲ್ಲ! ಯಾವಾಗಲೋ ಯಾರೋ ಚಾಟಿಗೆ ಏಳು ದಿನಕ್ಕೆ ತಾನಾಗಿ ಅಳಿಸಿ ಹೋಗುವ ಸೆಟ್ಟಿಂಗ್ ಹಾಕಿದ್ದೆವು. ಮನೆ ಹಂಚಿಕೊಂಡು ಇರೋರು ಇವತ್ತೇ ಹೋಗಿ ಅದನ್ನು ಆಫ್ ಮಾಡಿ. ಸುಮ್ನೆ ಹೇಳ್ತಿಲ್ಲ, ನನಗೆ ಅದರಿಂದ ಮೂರು ಸಾವಿರ ಹೋಯಿತು.

ಆಮೇಲೆ ಅವಳ ಅಣ್ಣನ ಫೋನು. "ಏನ್ರೀ ಮೇಡಂ, ನಮ್ಮ ತಂಗಿ ಸಾಮಾನ ಎಲ್ಲಾ ಇಟ್ಕೊಂಡ್ ಕುಂತೀರಂತಲ್ಲ. ಸ್ಟೇಷನ್ನಿಗೆ ಹೋಗೂಣೇನು?" ನನಗೆ ಕೈ ನಡುಗಿತು. ಓನರ್ ಆಂಟಿಗೆ ಹೇಳಿದರೆ "ಅದೆಲ್ಲಾ ನನಗೆ ಗೊತ್ತಿಲ್ಲಮ್ಮ, ಅಗ್ರಿಮೆಂಟು ನಿನ್ನ ಹೆಸರಲ್ಲಿರೋದು" ಅಂತ ಕೈ ತೊಳೆದುಕೊಂಡರು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಅವಳ ಮಟ್ಟಿಗೆ ಓನರ್ ನಾನೇ ಆಗಿದ್ದೆ, ಅದು ನನ್ನ ತಲೆಗೆ ಹೊಳೆದದ್ದು ಆಗ.

ಪರಿಚಯದ ವಕೀಲರ ಹತ್ತಿರ ಹೋದೆ. ಮೂವತ್ತು ದಿನ ಆದರೆ ಬಿಟ್ಟು ಹೋದ ಸಾಮಾನು ನಮ್ಮದೇ ಅಂತ ಆಫೀಸಲ್ಲಿ ಯಾರೋ ಹೇಳಿದ್ದರು, ಅದನ್ನೇ ಕೇಳಿದೆ. ನಕ್ಕರು. ಅಂಥ ಲೆಕ್ಕ ಯಾವುದೂ ಇಲ್ಲವಂತೆ. 1872ರ ಕರಾರು ಕಾಯ್ದೆಯ ಸೆಕ್ಷನ್ 71 ತೋರಿಸಿದರು. ಬೇರೆಯವರ ವಸ್ತು ಸಿಕ್ಕಿ ಅದನ್ನು ನಮ್ಮ ವಶಕ್ಕೆ ತೆಗೆದುಕೊಂಡರೆ, ನಂಬಿ ಇಡಲು ಕೊಟ್ಟವರ ವಸ್ತುವನ್ನು ನೋಡಿಕೊಳ್ಳುವಷ್ಟೇ ಜವಾಬ್ದಾರಿ ನಮ್ಮದು. ಎಷ್ಟು ಜವಾಬ್ದಾರಿ ಅಂತ ಸೆಕ್ಷನ್ 151 ಹೇಳುತ್ತೆ: ಸಾಮಾನ್ಯ ಬುದ್ಧಿ ಇರೋರು ತಮ್ಮ ಸ್ವಂತ ಸಾಮಾನನ್ನು ನೋಡಿಕೊಳ್ಳುವಷ್ಟು. ಮಾರೋಕೂ ಒಂದು ದಾರಿ ಇದೆ, ಸೆಕ್ಷನ್ 169, ಆದರೆ ಬಾಗಿಲು ಕಿರಿದು. ಮಾಲೀಕರು ಹುಡುಕಿದರೂ ಸಿಗಬಾರದು, ಇಲ್ಲಾ ಸಿಕ್ಕಿದರೂ ನ್ಯಾಯವಾದ ಖರ್ಚು ಕೊಡಲ್ಲ ಅನ್ನಬೇಕು. ಅದರ ಮೇಲೆ ವಸ್ತು ಕೆಟ್ಟು ಹೋಗುವಂತಿರಬೇಕು, ಇಲ್ಲಾ ಖರ್ಚೇ ಅದರ ಬೆಲೆಯ ಮೂರರಲ್ಲಿ ಎರಡು ಪಾಲು ಮುಟ್ಟಿರಬೇಕು. ನನ್ನ ರೂಮ್‌ಮೇಟ್ ಕಳೆದುಹೋಗಿರಲಿಲ್ಲ, ದಿನಾ ಮೆಸೇಜ್ ಹಾಕಿ ಬೈತಿದ್ದಳು. ಹಾಗಾಗಿ ಆ ದಾರಿ ಬಂದ್.

ಬೀರು ಬೀಗ ಒಡೆಯಬೇಡಿ ಅಂದರು, ಖಡಾಖಂಡಿತವಾಗಿ. ಕೆಟ್ಟ ಮನಸ್ಸಿನಿಂದ ಬೇರೆಯವರ ವಸ್ತು ನಮ್ಮದು ಮಾಡಿಕೊಂಡರೆ ಆಗ ಐಪಿಸಿ 403, ಈಗ ಭಾರತೀಯ ನ್ಯಾಯ ಸಂಹಿತೆಯ 314. ನನ್ನ ಮನಸ್ಸು ಕೆಟ್ಟದಲ್ಲ ಸಾರ್ ಅಂದೆ. "ನಿಮ್ಮ ಮನಸ್ಸು ಯಾರಿಗೆ ಕಾಣತ್ತಮ್ಮ, ಪಟ್ಟಿ ಮಾಡಿ" ಅಂದರು. ಫೀಸು ತಗೊಳ್ಳಲಿಲ್ಲ.

ಪಟ್ಟಿ ಮಾಡಿದೆ. ಆ ಭಾನುವಾರ ಹೊಸ ಹುಡುಗಿ ಮೊಬೈಲ್ ಹಿಡಿದಳು, ನಾನು ಒಂದೊಂದೇ ಸಾಮಾನು ತೋರಿಸುತ್ತಾ ಜೋರಾಗಿ ಹೇಳಿದೆ, ಟೇಬಲ್ಲಿನ ಕಾಲು ಮೊದಲೇ ಅಲ್ಲಾಡುತ್ತಿದ್ದದ್ದನ್ನೂ ಸೇರಿಸಿ. ಬೀರುವಿನ ಎರಡೂ ಬಾಗಿಲು ಸೇರುವ ಕಡೆ ಬಿಳಿ ಹಾಳೆಯ ಪಟ್ಟಿ ಗೋಂದು ಹಚ್ಚಿ ಅಂಟಿಸಿ, ಅದರ ಮೇಲೆ ನಾವು ಮೂವರೂ ತಾರೀಕು ಹಾಕಿ ಅಡ್ಡ ಸಹಿ ಮಾಡಿದೆವು. ಕೋರ್ಟಿನವರು ಮನೆಗೆ ಸೀಲ್ ಹಾಕ್ತಾರಲ್ಲ, ಹಾಗೆ. ಹುಚ್ಚಾಟ ಅನ್ನಿಸಬಹುದು. ಆದರೆ ಆಮೇಲೆ ಬೀರುವಿನಲ್ಲಿ ಅದಿತ್ತು ಇದಿತ್ತು ಅನ್ನುವ ಮಾತು ಒಂದೂ ಬರಲಿಲ್ಲ. ವಿಡಿಯೋ, ಪಟ್ಟಿ ಎರಡನ್ನೂ ಅವಳಿಗೂ ಅಣ್ಣನಿಗೂ ಕಳಿಸಿದೆ. ಅದರ ಪ್ರಿಂಟಿನ ಜೊತೆ ಒಂದು ಕಾಗದ ಹುಬ್ಬಳ್ಳಿ ವಿಳಾಸಕ್ಕೆ ಸ್ಪೀಡ್ ಪೋಸ್ಟಲ್ಲೂ ಹೋಯಿತು. ಅದರಲ್ಲಿ ಬರೆದದ್ದು ಮೂರೇ ಸಾಲು. ಸಾಮಾನು ಇಷ್ಟಿದೆ, ಜೋಪಾನವಾಗಿದೆ, ಜುಲೈ 31ರೊಳಗೆ ಯಾರನ್ನು ಕಳಿಸುತ್ತೀರಿ ತಿಳಿಸಿ. ಬಿಸಾಕ್ತೀನಿ ಅಂತ ಎಲ್ಲೂ ಬರೆಯಲಿಲ್ಲ. ಬೆದರಿಕೆ ಹಾಕಿದ್ದರೆ ಅಣ್ಣ ಇನ್ನಷ್ಟು ಹಾರಾಡುತ್ತಿದ್ದರು.

ಎರಡು ದಿನದಲ್ಲಿ ಅಣ್ಣನ ದನಿ ಇಳಿಯಿತು. ಪಟ್ಟಿ ನೋಡಿದ ಮೇಲೆ "ಬರೋಬ್ಬರಿ ಐತ್ರಿ" ಅಂದರು. ಅವಳ ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡೆಲ್ಲಾ ಆ ಬೀರುವಿನಲ್ಲೇ ಇದ್ದವಂತೆ, ಅವಳಿಗೆ ಇದ್ದ ಭಯ ಅದು. ಮೊದಲೇ ಹೇಳಿದ್ದರೆ ನಾನೂ ಅಷ್ಟು ಬಿಗಿಯಾಗಿ ಇರ್ತಿರಲಿಲ್ಲ.

ಸಿಲಿಂಡರಿಗೆ ಜಾಸ್ತಿ ಓಡಾಡಿದೆ. ಬಸ್ಸಿನ ಪಾರ್ಸಲಿನಲ್ಲಿ ಅದನ್ನು ಹಾಕಿಸಿಕೊಳ್ಳಲ್ಲ. ನಾವು ಇಟ್ಟುಕೊಳ್ಳೋಣ ಅಂದರೆ ಕನೆಕ್ಷನ್ ಅವಳ ಹೆಸರಲ್ಲಿ. ಗುಜರಿಗೆ ಹಾಕುವ ಮಾತೇ ಇಲ್ಲ, ಸಿಲಿಂಡರು ಗ್ಯಾಸ್ ಕಂಪನಿಯ ಸ್ವತ್ತು, ನಾವು ಕಟ್ಟಿರೋದು ಡಿಪಾಸಿಟ್ ಅಷ್ಟೇ. ಅವಳು ಕನೆಕ್ಷನ್ ತಗೊಂಡದ್ದು 2022ರ ಆಗಸ್ಟಲ್ಲಿ, ಅಂದರೆ ಜೂನಲ್ಲಿ ಡಿಪಾಸಿಟ್ ರೇಟು ಏರಿದ ಮೇಲೆ. 14.2 ಕೆಜಿ ಸಿಲಿಂಡರಿಗೆ 2,200, ರೆಗ್ಯುಲೇಟರಿಗೆ 250. ಅವಳಿಂದ ಒಂದು ಒಪ್ಪಿಗೆ ಪತ್ರ, ಆಧಾರ್ ಪ್ರತಿ, ಡಿಪಾಸಿಟ್ ಕಟ್ಟಿದ ವೋಚರಿನ ಪ್ರತಿ ತರಿಸಿಕೊಂಡು ಏಜೆನ್ಸಿಗೆ ಎರಡು ಸಲ ಅಲೆದು ವಾಪಸ್ ಕೊಟ್ಟೆ. 2,450 ಅವಳಿಗೆ ಸೇರಿತು.

ವಾಷಿಂಗ್ ಮೆಷೀನ್ ವಿಷಯದಲ್ಲಿ ನಾವೇ ಸ್ವಲ್ಪ ನಾಚಿಕೆಗೆಟ್ಟವರು. ಅದು ಬಾಡಿಗೆ ಕಂಪನಿಯದು, ತಿಂಗಳಿಗೆ 900 ಅವಳ ಅಕೌಂಟಿನಿಂದ ಕಟ್ ಆಗುತ್ತಿತ್ತು, ಬಟ್ಟೆ ಮಾತ್ರ ನಾವು ಒಗೆದುಕೊಳ್ಳುತ್ತಿದ್ದೆವು. ಕೇಳಿದಾಗ ಗೊತ್ತಾಯಿತು. ಬಿಟ್ಟು ಹೋದ ಸಾಮಾನು ಅಂದಮೇಲೆ ಅದು ಹೋದವರದ್ದೇ ಇರಬೇಕು ಅಂತಿಲ್ಲ, ಮೂರನೆಯವರದ್ದೂ ಇರುತ್ತೆ, ಮೊದಲು ಅದನ್ನು ಕೇಳಬೇಕಿತ್ತು. ಜುಲೈ ಕೊನೆಗೆ ಅವಳು ಫೋನ್ ಮಾಡಿ, ಅವರೇ ಬಂದು ಒಯ್ದರು.

ಜುಲೈ 30ಕ್ಕೆ ಯಶವಂತಪುರದಲ್ಲಿರುವ ಅವಳ ಚಿಕ್ಕಪ್ಪನ ಮಗ ಕೀ ಹಿಡಿದು ಬಂದ. ವಿಡಿಯೋ ಕಾಲಲ್ಲಿ ಅವಳ ಮುಂದೆಯೇ ಸೀಲ್ ಹರಿದು ಬಾಗಿಲು ತೆಗೆದ. ಮೇಲಿನ ಅಂಕಣದಲ್ಲಿ ಹಸಿರು ಫೈಲು. ಆ ಕಡೆ ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಬೀರು, ಟೇಬಲ್ಲು ಪಾರ್ಟ್ ಲೋಡ್ ಲಾರಿಗೆ ಹಾಕಿದೆವು, ಡಬ್ಬಗಳು ಬಸ್ಸಲ್ಲಿ. ಲಾರಿ, ಬಸ್ಸು ಅವಳ ಖರ್ಚು. ಎರಡು ಮಹಡಿ ಬೀರು ಇಳಿಸಿದ ಕೂಲಿ 800 ನಾನು ಕೊಟ್ಟಿದ್ದೆ.

ಲೆಕ್ಕಕ್ಕೆ ಕೂತೆವು, ಫೋನಲ್ಲೇ. ನಾನು ಹಿಡಿದಿದ್ದ 10,000. ಅದಕ್ಕೆ ಮೆಷೀನಿನ ಎರಡು ತಿಂಗಳ 1,800 ಕೂಡಿಸಿ. ಹಾಸಿಗೆಗೆ ಒಂಬತ್ತು ಅಂದವಳು ಹಳೇದು ಅಂತ ಆರಕ್ಕೆ ಇಳಿದಳು, ತಿಗಣೆ ನೆನಪಿಸಿದ ಮೇಲೆ ಮೂರಕ್ಕೆ ಬಂದಳು. ಒಟ್ಟು 14,800. ಹೊಸ ಹುಡುಗಿಗೆ ಜೂನ್, ಜುಲೈ ಬಿಟ್ಟ 3,000 ಕಳೆಯಿರಿ, ಕೂಲಿ 800 ಕಳೆಯಿರಿ. 11,000. ಹಿಡಿದದ್ದಕ್ಕಿಂತ ಸಾವಿರ ಜಾಸ್ತಿಯೇ ಕೊಟ್ಟೆ! ಮನೆಯಲ್ಲಿ ಅಮ್ಮ ಇವತ್ತಿಗೂ ಆಡಿಕೊಳ್ತಾರೆ. ದುಡ್ಡು ಹಾಕುವ ಮೊದಲು "ಅಡ್ವಾನ್ಸು, ಸಾಮಾನು ಎಲ್ಲಾ ಚುಕ್ತಾ, ಇನ್ನೇನೂ ಬಾಕಿ ಇಲ್ಲ" ಅಂತ ಅವಳ ಕೈಲಿ ಬರೆಸಿ ಸಹಿ ಹಾಕಿಸಿ ಫೋಟೋ ತರಿಸಿಕೊಂಡೆ, ಆಮೇಲೆ ಯುಪಿಐ.

ಈಗ ಹೊಸಬರು ಬಂದರೆ ಒಂದು ಹಾಳೆ ಇದೆ. ಅಡ್ವಾನ್ಸ್ ಎಷ್ಟು ಕೊಟ್ಟರು, ಏನೇನು ಸಾಮಾನು ತಂದರು, ಬಿಟ್ಟು ಹೋದರೆ ಎಷ್ಟು ದಿನ ಇಡ್ತೀವಿ, ಅಷ್ಟರಲ್ಲಿ ತೆಗೆಯದಿದ್ದರೆ ಯಾರ ಖರ್ಚಲ್ಲಿ ಎಲ್ಲಿಗೆ ಕಳಿಸೋದು. ಊರಿನ ವಿಳಾಸ, ಮನೆಯವರ ಒಂದು ನಂಬರು. ಇಬ್ಬರ ಸಹಿ. ಅಗ್ರಿಮೆಂಟಿನ ಹಿಂದೆ ಪಿನ್ ಮಾಡಿ ಇಟ್ಟಿದ್ದೀನಿ.

ತುಳಸಿ ಮಾತ್ರ ಪಟ್ಟಿಯಲ್ಲಿ ಉಳಿದುಬಿಟ್ಟಿತ್ತು. ಲಾರಿಯವನು ಪಾಟ್ ಬೇಡ ಅಂದ. ಕೇಳಿದ್ದಕ್ಕೆ "ನೀವ ಇಟ್ಕೊಳ್ರಿ ಅಕ್ಕಾ, ನೀರ್ ಹಾಕ್ರಿ" ಅಂತ ಮೆಸೇಜ್ ಬಂತು. ಅದರದ್ದೂ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೀನಿ.