ಎಲೆ ಉದುರುವ ಕಾಲದಲ್ಲಿ ಇಂಗ್ಲೆಂಡಿನ ಹೊಳೆಗೆ ಗಾಳ ಹಾಕುವುದು: ಗ್ರೇಲಿಂಗ್, ಚಬ್ ಮತ್ತು ಉಳಿದವು

ಅಕ್ಟೋಬರ್ ಬೆಳಿಗ್ಗೆ ಹೊಳೆ ದಂಡೆಗೆ ಬಂದ ತಕ್ಷಣ ಕೋಲು ಬಿಚ್ಚಬೇಡಿ. ಐದು ನಿಮಿಷ ಸುಮ್ನೆ ನಿಂತು ನೀರು ನೋಡಿ. ತಿಳಿಯಾಗಿದೆಯಾ, ಚಹಾ ಬಣ್ಣಕ್ಕೆ ತಿರುಗಿದೆಯಾ, ರಾತ್ರಿ ಏರಿದ ಗುರುತು ದಂಡೆಯ ಹುಲ್ಲಿನಲ್ಲಿ ಇದೆಯಾ, ಎಲೆ ಎಷ್ಟು ತೇಲಿ ಬರುತ್ತಿದೆ? ಇವತ್ತು ಯಾವ ಮೀನಿನ ಹಿಂದೆ ಹೋಗಬೇಕು ಅನ್ನುವುದನ್ನು ನೀರು ಹೇಳುತ್ತದೆ. ಮನೆಯಲ್ಲೇ ಬಾರ್ಬೆಲ್ ಅಂತ ತೀರ್ಮಾನ ಮಾಡಿಕೊಂಡು ಬಂದು, ಕನ್ನಡಿಯಂಥ ತಣ್ಣನೆ ನೀರಿನ ಮುಂದೆ ಇಡೀ ದಿನ ಕೂತು, ಒಣ ಬಲೆ ಮಡಚಿಕೊಂಡು ಹೋದವರನ್ನು ಬೇಕಾದಷ್ಟು ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಇಂಗ್ಲೆಂಡ್‌ನಲ್ಲಿ ಸಾಮನ್, ಟ್ರೌಟ್ ಬಿಟ್ಟು ಉಳಿದ ಸಿಹಿನೀರಿನ ಮೀನುಗಳನ್ನು ಕೋರ್ಸ್ ಫಿಶ್ ಅನ್ನುತ್ತಾರೆ. ಚಬ್, ರೋಚ್, ಡೇಸ್, ಬಾರ್ಬೆಲ್, ಪರ್ಚ್, ಪೈಕ್ ಎಲ್ಲ ಇದರಲ್ಲಿ ಬರುತ್ತವೆ. ಹೊಳೆಯಲ್ಲಿ ಇವುಗಳಿಗೆ ಗಾಳ ಹಾಕುವುದು ಮಾರ್ಚ್ 15ರಿಂದ ಜೂನ್ 15ರವರೆಗೆ ಬಂದ್. ಗ್ರೇಲಿಂಗ್ ಹುಟ್ಟಿನಿಂದ ಸಾಮನ್ ಕುಟುಂಬದ್ದೇ, ಬಾಲದ ಹತ್ತಿರ ಬೆನ್ನ ಮೇಲೆ ಆ ಕುಟುಂಬದ ಪುಟ್ಟ ಮಾಂಸದ ರೆಕ್ಕೆಯೂ ಇದೆ, ಆದರೆ ಟ್ರೌಟ್‌ನ ಹಾಗೆ ಚಳಿಗಾಲದ ಹೊತ್ತಿಗಲ್ಲದೆ ವಸಂತದಲ್ಲಿ ಮೊಟ್ಟೆ ಇಡುತ್ತದೆ, ಹಾಗಾಗಿ ನಿಯಮದಲ್ಲಿ ಅದನ್ನು ಕೋರ್ಸ್ ಮೀನಿನ ಜೊತೆಗೇ ಸೇರಿಸಿದ್ದಾರೆ. ನಮಗೆ ಲಾಭ ಆಗುವುದು ಇಲ್ಲೇ: ಟ್ರೌಟ್ ಕಾಲ ಮುಗಿಯುವ ಹೊತ್ತಿಗೆ ಗ್ರೇಲಿಂಗ್ ಮೈ ತುಂಬಿಕೊಂಡು ಒಳ್ಳೆ ಸ್ಥಿತಿಯಲ್ಲಿರುತ್ತದೆ.

13 ವರ್ಷ ದಾಟಿದ ಎಲ್ಲರಿಗೂ ರಾಡ್ ಲೈಸೆನ್ಸ್ ಬೇಕು. 13ರಿಂದ 16ರವರಿಗೆ ಪುಕ್ಕಟೆ, ಆದರೆ ಮಾಡಿಸಿಕೊಂಡಿರಲೇಬೇಕು. ಲೈಸೆನ್ಸ್ ಇದೆ ಅಂತ ಎಲ್ಲಿ ಬೇಕಾದರೂ ಗಾಳ ಹಾಕುವ ಹಾಗಿಲ್ಲ, ಆ ದಂಡೆಯ ಮಾಲೀಕರದ್ದೋ ಕ್ಲಬ್ಬಿನದ್ದೋ ಪರವಾನಗಿ ಬೇರೆ ಬೇಕು. ಹ್ಯಾಂಪ್‌ಶೈರ್‌ನ ಟೆಸ್ಟ್, ಇಚೆನ್ ಹೊಳೆಗಳಲ್ಲಿ ಬೇಸಿಗೆಯ ಟ್ರೌಟ್ ಟಿಕೆಟ್ ದರ ಕೇಳಿದರೆ ತಲೆ ತಿರುಗುತ್ತದೆ, ಅಕ್ಟೋಬರ್ ನಂತರದ ಗ್ರೇಲಿಂಗ್ ಟಿಕೆಟ್ ಎಷ್ಟೋ ಅಗ್ಗ. ಯಾರ್ಕ್‌ಶೈರ್‌ನ ಯೂರ್, ವಾರ್ಫ್, ಗಡಿಯಾಚೆ ವೇಲ್ಸ್‌ನ ಡೀ, ಇರ್ವಾನ್ ಕೂಡ ಗ್ರೇಲಿಂಗ್‌ಗೆ ಹೆಸರಾದ ಹೊಳೆಗಳು. ಟಿಕೆಟ್ ಕೊಳ್ಳುವಾಗ ಒಂದು ವಿಷಯ ಕೇಳಿಕೊಳ್ಳಿ: ಬೆಂಡು ಕಟ್ಟಿ ಹುಳ ಹಾಕಬಹುದಾ, ಅಥವಾ ಫ್ಲೈ, ಅಂದರೆ ಗಾಳಕ್ಕೆ ಕಟ್ಟಿದ ನಕಲಿ ನೊಣ, ಮಾತ್ರವಾ? ಕೆಲವು ಕಡೆ ಹುಳದ ಡಬ್ಬಿ ಕಂಡರೇ ಮುಖ ಕೆಂಪಾಗುತ್ತದೆ.

ಸರಿ, ಈಗ ನೀರಿಗೆ ಬರೋಣ.

ನೀರು ತಿಳಿಯಾಗಿ, ತಣ್ಣಗೆ, ಮಟ್ಟ ಏರದೆ ಇದ್ದರೆ ಅದು ಗ್ರೇಲಿಂಗ್ ದಿನ. ಮನುಷ್ಯ ನಡೆಯುವಷ್ಟೇ ವೇಗದಲ್ಲಿ ಹರಿಯುವ, ಮೊಣಕಾಲಿನಿಂದ ಸೊಂಟದವರೆಗಿನ ಆಳದ, ತಳದಲ್ಲಿ ನುಣ್ಣನೆ ಜಲ್ಲಿ ಇರುವ ಜಾಗ ಹುಡುಕಿ. ಮೇಲ್ಮೈ ಕುದಿಯುತ್ತಿರಬಾರದು, ಸಮನಾಗಿ ಹರಿಯುತ್ತಿರಬೇಕು. ಗ್ರೇಲಿಂಗ್ ಒಂಟಿಯಾಗಿರುವುದು ಕಡಿಮೆ, ಒಂದು ಸಿಕ್ಕಿತು ಅಂದರೆ ಗುಂಪು ಅಲ್ಲೇ ಇದೆ ಅಂತಲೇ ಲೆಕ್ಕ.

ಇದಕ್ಕೆ ನನ್ನ ಪ್ರಕಾರ ಬೆಂಡು ಹರಿಸುವಷ್ಟು ಚಂದದ ವಿಧಾನ ಇನ್ನೊಂದಿಲ್ಲ. ಇಲ್ಲಿನವರು ಟ್ರಾಟಿಂಗ್ ಅನ್ನುತ್ತಾರೆ. 12–13 ಅಡಿಯ ಹಗುರ ಕೋಲು, 3 ಪೌಂಡ್ ಭಾರ ತಡೆಯುವ ದಾರ, ತುದಿಗೆ ಅದಕ್ಕಿಂತ ಸ್ವಲ್ಪ ತೆಳ್ಳಗಿನ ದಾರ, 16 ಅಥವಾ 18ನೇ ನಂಬರಿನ ಮರುಮುಳ್ಳಿಲ್ಲದ ಗಾಳ. ಗಾಳಕ್ಕೆ ಒಂದೋ ಎರಡೋ ಮ್ಯಾಗಟ್ (ನೊಣದ ಮರಿ) ಹುಳ, ಇಲ್ಲದಿದ್ದರೆ ಸಣ್ಣ ಕೆಂಪು ಎರೆಹುಳು. ಬೆಂಡಿನ ಕೆಳಗೆ ಕಟ್ಟುವ ಗುಂಡುಗಳು ಸೀಸದ್ದಾಗಿರಬಾರದು, ಹಂಸಗಳು ನುಂಗಿ ಸಾಯುತ್ತಿದ್ದವು ಅಂತ 1987ರಲ್ಲೇ ಬಹುಪಾಲು ಅಳತೆಯ ಸೀಸದ ಗುಂಡುಗಳನ್ನು ನಿಷೇಧಿಸಿದ್ದಾರೆ.

ಆಳ ಹೊಂದಿಸುವುದರಲ್ಲೇ ಅರ್ಧ ಕೆಲಸ ಇದೆ. ಬೆಂಡನ್ನು ಮೊದಲು ಕಡಿಮೆ ಆಳಕ್ಕೆ ಇಟ್ಟು ಒಂದು ಸಲ ಹರಿಸಿ. ಆಮೇಲೆ ಸ್ವಲ್ಪ ಸ್ವಲ್ಪವೇ ಆಳ ಹೆಚ್ಚಿಸುತ್ತಾ ಹೋಗಿ, ಗಾಳ ತಳಕ್ಕೆ ತಾಗಿ ಬೆಂಡು ತಡವರಿಸಿದರೆ ಎರಡು ಬೆರಳಷ್ಟು ಮೇಲೆ ತನ್ನಿ. ಹರಿಸುವಾಗ ದಾರವನ್ನು ಪೂರ್ತಿ ಸಡಿಲ ಬಿಡಬೇಡಿ. ತಳದ ನೀರು ಮೇಲಿನ ನೀರಿಗಿಂತ ನಿಧಾನ ಅಲ್ವಾ, ಬೆಂಡು ತನ್ನಷ್ಟಕ್ಕೆ ಓಡಿದರೆ ಹುಳವನ್ನೂ ಎಳೆದುಕೊಂಡು ಓಡುತ್ತದೆ, ಮೀನಿಗೆ ಅನುಮಾನ ಬರುತ್ತದೆ. ಹಾಗಾಗಿ ರೀಲಿನ ಮೇಲೆ ಬೆರಳಿಟ್ಟು ಬೆಂಡನ್ನು ಚೂರು ತಡೆಯುತ್ತಾ ಬಿಡಿ. ಆಗ ಹುಳ ಮುಂದೆ, ಬೆಂಡು ಹಿಂದೆ ಆಗುತ್ತದೆ. ಪ್ರತಿ ಸಲ ಹಾಕುವ ಮುಂಚೆ ಏಳೆಂಟು ಹುಳಗಳನ್ನು ನಿಮಗಿಂತ ಸ್ವಲ್ಪ ಮೇಲ್ಗಡೆ ಎಸೆಯಿರಿ. ಒಂದೇ ಸಲ ಹಿಡಿಗಟ್ಟಲೆ ಚೆಲ್ಲಬೇಡಿ, ಮೀನಿನ ಹೊಟ್ಟೆ ತುಂಬಿಸಲು ನಾವು ಬಂದಿಲ್ಲ. ಹರಿವಿನ ಕೊನೆಯಲ್ಲಿ ಬೆಂಡನ್ನು ಎರಡು ಮೂರು ಸೆಕೆಂಡ್ ಪೂರ್ತಿ ನಿಲ್ಲಿಸಿ. ಹುಳ ತಳದಿಂದ ಮೇಲೇಳುತ್ತದೆ, ಎಷ್ಟೋ ಮೀನು ಕಚ್ಚುವುದು ಆ ಗಳಿಗೆಯಲ್ಲೇ.

ಕಚ್ಚಿದ ಮೇಲೆ ಗ್ರೇಲಿಂಗ್ ಹಾಯಿಯಂಥ ಬೆನ್ನುರೆಕ್ಕೆಯನ್ನು ಅಗಲಿಸಿ ಹರಿವಿಗೆ ಅಡ್ಡ ನಿಲ್ಲುತ್ತದೆ, ಆಮೇಲೆ ಬುಗುರಿಯ ಹಾಗೆ ಸುತ್ತುತ್ತದೆ. ಅವಸರ ಮಾಡಿದರೆ ಗಾಳ ಕಳಚಿಕೊಳ್ಳುವುದು ಗ್ಯಾರಂಟಿ. ಕೋಲನ್ನು ಪಕ್ಕಕ್ಕೆ ಬಾಗಿಸಿ, ಮೀನನ್ನು ಸೆಳವಿನಿಂದ ದಂಡೆಯ ಕಡೆಯ ನಿಧಾನ ನೀರಿಗೆ ತಂದು ಬಲೆಗೆ ಹಾಕಿ. ಬಿಡುವಾಗ ಎಸೆಯಬೇಡಿ. ಎರಡೂ ಕೈಯಲ್ಲಿ ಹಗುರವಾಗಿ ಹಿಡಿದು, ತಲೆ ಹರಿವಿಗೆ ಎದುರಾಗಿ ಇಟ್ಟು, ಅದಾಗಿಯೇ ಹೊರಡುವವರೆಗೆ ಕಾಯಿರಿ. ಬೇಗ ಸುಸ್ತಾಗುವ ಮೀನು ಇದು. ಇದರ ಮೈ ಥೈಮ್ ಸೊಪ್ಪಿನ ವಾಸನೆ ಬರುತ್ತದೆ ಅಂತಲೇ ಲ್ಯಾಟಿನ್‌ನಲ್ಲಿ ಥೈಮಾಲಸ್ ಅನ್ನುವ ಹೆಸರು. ನನ್ನ ಮೂಗಿಗಂತೂ ಸೌತೆಕಾಯಿ ವಾಸನೆಯೇ.

ಫ್ಲೈ ಕೋಲು ಇರುವವರಿಗೆ ಒಂದು ಮಾತು. ತಳಕ್ಕೆ ಬೇಗ ಇಳಿಯುವ ಭಾರದ ನಿಂಫ್ ಇರಲಿ, ಅಂದರೆ ನೀರೊಳಗಿನ ಮರಿಹುಳದ ನಕಲು. ವಿಲ್ಟ್‌ಶೈರ್‌ನ ಏವನ್ ಹೊಳೆ ಕಾಯುತ್ತಿದ್ದ ಫ್ರಾಂಕ್ ಸಾಯರ್ ಗ್ರೇಲಿಂಗ್‌ಗೆಂದೇ ಕಟ್ಟಿದ ಕಿಲ್ಲರ್ ಬಗ್ ಬರೀ ಉಣ್ಣೆದಾರ ಮತ್ತು ತಾಮ್ರದ ತಂತಿ, ನೋಡಲು ಏನೂ ಅಲ್ಲ, ಆದರೆ ಮೀನು ಕಚ್ಚುತ್ತದೆ. ಬಿಸಿಲು ಬಂದ ಮಧ್ಯಾಹ್ನ ಸಣ್ಣ ನೊಣಗಳು ಎದ್ದರೆ ಗ್ರೇಲಿಂಗ್ ಮೇಲಕ್ಕೂ ಬರುತ್ತದೆ, ಆಗ ತೇಲುವ ಸಣ್ಣ ಫ್ಲೈ ಹಾಕಿ.

ಇನ್ನು, ಮಳೆ ಬಂದು ನೀರು ಬಣ್ಣಗಟ್ಟಿದ್ದರೆ? ಬೆಂಡು ಒಳಗಿಡಿ, ಚಬ್ ಹುಡುಕಿ. ನೀರು ಬೆಚ್ಚಗಿದ್ದರೆ ಬಾರ್ಬೆಲ್ ಕೂಡ. ಚೀಲದಲ್ಲೊಂದು ಥರ್ಮಾಮೀಟರ್ ಇಟ್ಟುಕೊಳ್ಳಿ, ದೊಡ್ಡ ಖರ್ಚೇನಲ್ಲ. ಸುಮಾರು 8 ಡಿಗ್ರಿಗಿಂತ ಕೆಳಗೆ ಬಾರ್ಬೆಲ್ ಮಂಕಾಗುತ್ತದೆ. ಚಬ್ ಮಾತ್ರ ಮಂಜು ಬಿದ್ದ ದಿನವೂ ತಿನ್ನುತ್ತದೆ, ಅದಕ್ಕೇ ನನಗೆ ಅದರ ಮೇಲೆ ಜಾಸ್ತಿ ಪ್ರೀತಿ. ನೀರಿಗೆ ಬಾಗಿದ ಮರದ ಕೆಳಗೆ, ಕೊಂಬೆಗೆ ಕಸ ಸಿಕ್ಕಿಕೊಂಡು ಚಾವಣಿ ಕಟ್ಟಿದ ಕಡೆ ಅದು ಅಡಗಿರುತ್ತದೆ. ಆ ಚಾವಣಿಯ ಅಂಚಿಗೆ ಬ್ರೆಡ್ಡಿನ ಮೆತ್ತನೆ ಭಾಗವನ್ನೋ ಚೀಸ್ ಕಲಸಿದ ಉಂಡೆಯನ್ನೋ ತಳಕ್ಕೆ ಬಿಡಿ, ಕೋಲಿನ ತುದಿ ನೋಡುತ್ತಾ ಕೂರಿ. ಚೀಸ್ ತಣ್ಣೀರಿನಲ್ಲಿ ಕಲ್ಲಾಗುತ್ತದೆ, ಹಾಗಾಗಿ ಮನೆಯಲ್ಲಿ ಕಲಸುವಾಗಲೇ ಬೇಕಾದ್ದಕ್ಕಿಂತ ಮೆತ್ತಗೆ ಕಲಸಿ. ಒಂದು ಜಾಗದಲ್ಲಿ ಇಪ್ಪತ್ತು ನಿಮಿಷ ಏನೂ ಆಗದಿದ್ದರೆ ಎದ್ದು ಮುಂದಿನ ಮರಕ್ಕೆ ಹೋಗಿ. ಬಾರ್ಬೆಲ್‌ಗೆ ಕೂರುವುದಾದರೆ ಗ್ರೇಲಿಂಗ್ ದಾರ ಮರೆತುಬಿಡಿ, 10 ಪೌಂಡ್‌ಗಿಂತ ಕಡಿಮೆ ಬೇಡ. ಅದನ್ನು ಬಿಡುವಾಗಲೂ ಗ್ರೇಲಿಂಗ್‌ನ ಹಾಗೆಯೇ ಹಿಡಿದು ಕಾಯಬೇಕು, ಇನ್ನೂ ಹೆಚ್ಚು ಹೊತ್ತು.

ಎಲೆಗಳ ಕಾಟ ಬೇರೆ. ಮೊದಲ ಮಂಜಿನ ನಂತರ ಗಾಳಿ ಬೀಸಿದ ದಿನ ಹೊಳೆ ತುಂಬ ಎಲೆಯೇ. ದಾರಕ್ಕೆ ಒಂದೊಂದಾಗಿ ಅಂಟಿಕೊಂಡು ಗುಂಡನ್ನೇ ಎಳೆದುಕೊಂಡು ಹೋಗುತ್ತವೆ, ಪ್ರತಿ ಸಲವೂ ಮೀನು ಕಚ್ಚಿದ ಹಾಗೇ ಅನ್ನಿಸುತ್ತದೆ. ಎಲೆಗಳು ಸೆಳವಿನ ಜೊತೆ ತಿರುವಿನ ಹೊರಬದಿಗೆ ಸೇರುತ್ತವೆ, ನೀವು ಒಳಬದಿಯಲ್ಲಿ ಹಾಕಿ. ಕೋಲನ್ನು ಎತ್ತರಕ್ಕೆ ನಿಲ್ಲಿಸಿದರೆ ನೀರಿನಲ್ಲಿರುವ ದಾರ ಕಡಿಮೆಯಾಗುತ್ತದೆ.

ನವೆಂಬರ್ ಬಂದರೆ ನೀರಿಗೆ ಇಳಿಯುವಾಗ ಕಣ್ಣು ತಳದ ಮೇಲಿರಲಿ. ಟ್ರೌಟ್, ಸಾಮನ್ ಜಲ್ಲಿಯನ್ನು ಬಾಲದಿಂದ ಕೆದಕಿ ಮೊಟ್ಟೆ ಇಡುವ ಸಮಯ ಅದು. ಸುತ್ತಲಿನ ಜಲ್ಲಿ ಪಾಚಿಗಟ್ಟಿ ಕಪ್ಪಾಗಿರುವಾಗ ತೊಳೆದಿಟ್ಟಂತೆ ಬೆಳ್ಳಗೆ ಕಾಣುವ ತೇಪೆ ಇದ್ದರೆ ಅದರ ಮೇಲೆ ಕಾಲಿಡಬೇಡಿ, ಸುತ್ತಿಕೊಂಡು ಹೋಗಿ. ಗಾಳಕ್ಕೆ ಟ್ರೌಟ್ ಬಿದ್ದರೆ ನೀರಿನಿಂದ ಎತ್ತದೆಯೇ ಬಿಡಿಸಿ ಕಳಿಸಿ. ತಳ ಕಾಣದ ನೀರಿಗಂತೂ ಇಳಿಯಲೇಬೇಡಿ. ಊಟಕ್ಕೆ ಮುಂಚೆ ಕೈ ತೊಳೆಯಿರಿ, ಇಲಿಯ ಮೂತ್ರದಿಂದ ಬರುವ ವೀಲ್ಸ್ ಕಾಯಿಲೆ ತಮಾಷೆಯಲ್ಲ. ಒಂದು ಹೊಳೆಯಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬಲೆ, ಬೂಟು ತೊಳೆದು ಒಣಗಿಸಿ, ಹೊರಗಿನ ಜೀವಿಗಳು ಹರಡುವುದೇ ಹೀಗೆ.

ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಅಲ್ಲಿಂದ ಮುಂದೆ ಐದು ಗಂಟೆ ಹೊತ್ತಿಗೆಲ್ಲ ಕತ್ತಲು. ಬಹಳ ಜನ ಆಗಲೇ ಗಂಟು ಕಟ್ಟಿರುತ್ತಾರೆ. ನೀವು ಹೋಗಬೇಡಿ. ಬೆಳಕು ಸಾಯುವ ಆ ಕೊನೆಯ ಅರ್ಧ ಗಂಟೆಯಲ್ಲಿ ದೊಡ್ಡ ರೋಚ್ ನಿಧಾನ ನೀರಿನಲ್ಲಿ ತಿನ್ನಲು ಹೊರಡುತ್ತದೆ, ಇಡೀ ದಿನ ಮರದ ಕೆಳಗೆ ಮುನಿಸಿಕೊಂಡಿದ್ದ ಚಬ್ ಕೂಡ ಬಯಲಿಗೆ ಬರುತ್ತದೆ. ಬೆಳಿಗ್ಗೆ ಬೆಂಡು ಹರಿಸಿದ ಜಾಗಕ್ಕೇ ವಾಪಸ್ ಬಂದು ಒಂದು ತುಂಡು ಬ್ರೆಡ್ ಬಿಟ್ಟು ನೋಡಿ.

ಮನೆಗೆ ಬಂದ ಮೇಲೆ ಉಳಿದ ಹುಳ ಫ್ರಿಡ್ಜಿಗೆ. ಹೊರಗಿಟ್ಟರೆ ಕೋಶ ಕಟ್ಟಿ ಆಮೇಲೆ ನೊಣವಾಗುತ್ತವೆ. ಕೋಶ ಕಟ್ಟಿದ ಮೊದಲ ದಿನಗಳಲ್ಲಿ ಅವೇ ರೋಚ್‌ಗೆ ಬಹಳ ಒಳ್ಳೆ ಮೇವು, ಎಸೆಯಬೇಡಿ. ಡಬ್ಬಿಯ ಮುಚ್ಚಳ ಮಾತ್ರ ಎರಡು ಸಲ ಒತ್ತಿ ನೋಡಿ. ನಾನು ಒಂದು ಸಲ ನೋಡಿರಲಿಲ್ಲ, ಈಗ ನಮ್ಮ ಮನೆಯಲ್ಲಿ ಹುಳಕ್ಕೇ ಒಂದು ಬೇರೆ ಫ್ರಿಡ್ಜ್ ಇದೆ.